ಕೊನೆಯನ್ನು ನೋಡಲು ಕೂತವನು

ಮತ್ತಾಯ 26:57–75

ನಮ್ಮ ಹಳ್ಳಿಯವರ ಖೂನಿಯ ಖಟ್ಲೆಯೊಂದು ವಿಚಾರಣೆಗೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಜಿಲ್ಲಾ ಕೋರ್ಟಿಗೆ ಹೋಗುವವರು ಅನೇಕರಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಅಪರಾಧದ ವಿಚಾರಣೆಯು ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲಿಯೇ ನಡೆಯತಕ್ಕದ್ದು, ಸ್ಥಳವಿರುವ ಮಟ್ಟಿಗೆ ಜನರು ಒಳಗೆ ಬರಬಹುದು ಎಂದು ನಮ್ಮ ದೇಶದ ಕಾನೂನೇ ಹೇಳುತ್ತದೆ. ಆದರೆ ಹಿಂದಿನ ಬೆಂಚಿನಲ್ಲಿ ಕೂತವನು ಅಲ್ಲಿಗೆ ಯಾತಕ್ಕೆ ಬಂದಿದ್ದಾನೆ?

ಪೇತ್ರನೂ ಒಂದು ವಿಚಾರಣೆಯನ್ನು ನೋಡಲು ಹೋದನು. ದೂರದಿಂದ ಹಿಂಬಾಲಿಸಿ, ಮಹಾಯಾಜಕನ ಅಂಗಳವನ್ನು ಹೊಕ್ಕು, ಕೊನೆಗೆ ಏನಾಗುವದೋ ನೋಡೋಣವೆಂದು ಓಲೇಕಾರರ ಸಂಗಡ ಕೂತನು. ಚಳಿಯಾಗಿತ್ತು. ಇದ್ದಲಿನ ಬೆಂಕಿಯಲ್ಲಿ ಅವರೊಡನೆ ಮೈ ಕಾಯಿಸಿಕೊಂಡನು.

ಒಳಗೆ ನಡೆದದ್ದನ್ನು ಗಮನಿಸಿರಿ. ಕೊಲ್ಲಬೇಕೆಂಬ ನಿಶ್ಚಯವು ಮೊದಲೇ ಆಗಿತ್ತು. ಸಾಕ್ಷಿಗಳನ್ನು ಆಮೇಲೆ ಹುಡುಕಿದರು. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅಪರಾಧವನ್ನು ಸ್ಥಾಪಿಸಬಾರದೆಂದೂ, ಸುಳ್ಳುಸಾಕ್ಷಿಯು ಪರನಿಗೆ ಬಗೆದ ಕೇಡು ಅವನಿಗೇ ಸಲ್ಲತಕ್ಕದ್ದೆಂದೂ ಮೋಶೆಯ ಧರ್ಮಶಾಸ್ತ್ರವು ವಿಧಿಸಿತ್ತು (ಧರ್ಮೋಪದೇಶಕಾಂಡ 19). ಅದನ್ನು ಬಲ್ಲವರೇ ಆ ರಾತ್ರಿ ನ್ಯಾಯಪೀಠದಲ್ಲಿದ್ದರು. ಬಂದ ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದಲಿಲ್ಲವೆಂದು ಮಾರ್ಕನು ಬರೆದಿದ್ದಾನೆ. ಆಗ ಕಾಯಫನು ಆರೋಪಿಗೇ ಆಣೆಯಿಟ್ಟು ಉತ್ತರ ಹೇಳಿಸಿದನು. ಇಂದು ನಮ್ಮ ಯಾವ ಸೆಷನ್ಸ್ ಕೋರ್ಟಿನಲ್ಲಿಯೂ ಇದು ಸಲ್ಲದು. ತನ್ನ ಮೇಲೆ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 20ನೆಯ ಅನುಚ್ಛೇದವು ಹೇಳುತ್ತದೆ.

ಒಳಗೆ ಸುಳ್ಳುಸಾಕ್ಷಿಗಳಿಗಾಗಿ ಇಷ್ಟು ಹುಡುಕಾಟ! ಹೊರಗೆ ಅಂಗಳದಲ್ಲಿಯೋ, ಸತ್ಯವನ್ನು ಕಣ್ಣಾರೆ ಕಂಡವನು, ಗಲಿಲಾಯದಿಂದ ಜೊತೆಯಲ್ಲಿ ತಿರುಗಿದವನು, ಬೆಂಕಿ ಕಾಯುತ್ತಿದ್ದನು. ಅವನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ, ನಿಜವೇ. ಕೇಳಿದವಳು ಒಬ್ಬ ದಾಸಿ. ಅಷ್ಟಕ್ಕೇ ಅವನು, ಯಾರೂ ಇಡಿಸದ ಆಣೆಯನ್ನು ತಾನೇ ಇಟ್ಟು, ಆ ಮನುಷ್ಯನನ್ನು ಅರಿಯೆನೆಂದನು.

ಸಹೋದರರೇ, ಗದ್ದಲದ ರಾತ್ರಿಯಲ್ಲಿ ಯಾರ ಕೈ ಎತ್ತಿತೆಂದು ಕಂಡವರು ನಮ್ಮ ಕೇರಿಗಳಲ್ಲಿಯೂ ಇರುತ್ತಾರೆ. ಪೊಲೀಸರು ಬಂದಾಗ, ನಾನು ಆ ದಿನ ಊರಲ್ಲಿರಲಿಲ್ಲ ಎನ್ನುತ್ತಾರೆ. ಬಳಿಕ ನಿರಪರಾಧಿಯು ಕಟಕಟೆಯಲ್ಲಿ ನಿಂತಾಗ ಅವರೇ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಗೆ ಏನಾಗುವದೋ ಎಂದು ನೋಡುತ್ತಾರೆ. ಅವರ ಭಯವನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಯಾರ ಹೊಲದಲ್ಲಿ ಕೂಲಿಯೋ, ಯಾರ ಮನೆಯಲ್ಲಿ ಸಾಲವೋ, ಅವರ ಮೇಲೆ ಬಾಯಿ ಬಿಡುವದು ಸುಲಭವಲ್ಲ. ಬೆದರಿಕೆಗೆ ಒಳಗಾದ ಸಾಕ್ಷಿಗಳ ರಕ್ಷಣೆಗೆಂದು ಸುಪ್ರೀಂ ಕೋರ್ಟು 2018ರಲ್ಲಿ ಒಂದು ಯೋಜನೆಯನ್ನು ಅಂಗೀಕರಿಸಿತು. ರಕ್ಷಣೆಗಾಗಿ ಜಿಲ್ಲೆಯಲ್ಲಿಯೇ ಅರ್ಜಿ ಕೊಡಬಹುದು. ಸಭೆಯ ಹಿರಿಯರು ಇದನ್ನು ತಿಳಿದಿರುವದು ಒಳ್ಳೇದು. ಸಾಕ್ಷಿ ನುಡಿಯಲು ಹೋಗುವವನ ಜೊತೆ ಇಬ್ಬರು ಮೂವರು ಸಭೆಯವರು ನಡೆದರೆ ಅದು ಇನ್ನೂ ಒಳ್ಳೇದು. ಪೇತ್ರನು ಆ ಅಂಗಳದಲ್ಲಿ ಒಂಟಿಯಾಗಿ ಮಾತಾಡಬೇಕಾಯಿತೆಂಬದನ್ನು ಮರೆಯಬೇಡಿರಿ.

ಕೋಳಿ ಕೂಗಿತು. ಕರ್ತನು ತಿರುಗಿಕೊಂಡು ಪೇತ್ರನನ್ನು ನೋಡಿದನೆಂದು ಲೂಕನು ಹೇಳುತ್ತಾನೆ. ಆರೋಪಿಯ ಸ್ಥಾನದಲ್ಲಿದ್ದವನು ಪ್ರೇಕ್ಷಕನನ್ನು ನೋಡಿದನು, ಗದರಿಸಿದನೆಂದು ಬರೆದಿಲ್ಲ. ಪೇತ್ರನು ಹೊರಗೆ ಹೋಗಿ ಬಹಳವಾಗಿ ಅತ್ತನು.

ಸ್ವಲ್ಪ ಕಾಲದ ಮೇಲೆ, ಅದೇ ಅನ್ನನೂ ಕಾಯಫನೂ ಕೂಡಿದ ಸಭೆಯ ನಡುವೆ ಅವನನ್ನು ನಿಲ್ಲಿಸಿದರು (ಅಪೊಸ್ತಲರ ಕೃತ್ಯಗಳು 4). ಈ ಸಾರಿ ಯೋಹಾನನು ಪಕ್ಕದಲ್ಲಿದ್ದನು. ಹಿಂದಿನ ರಾತ್ರಿಯನ್ನು ಇಬ್ಬರೂ ಕಾವಲಿನಲ್ಲಿ ಕಳೆದಿದ್ದರು. ತಾವು ಕಂಡು ಕೇಳಿದ್ದನ್ನು ಹೇಳದೆ ಇರಲಾರೆವೆಂದು ಆ ಸಭೆಗೆ ಉತ್ತರ ಕೊಟ್ಟರು.