ಪರದೇಶದಲ್ಲಿ ಅಗ್ಗದ ಮನೆ

ಪರದೇಶಕ್ಕೆ ಹೋದವನು ಮೊದಲು ಅರಸುವುದು ಎರಡನ್ನು: ಉದ್ಯೋಗವನ್ನು, ವಸತಿಯನ್ನು. ಮೆಕ್ಸಿಕೋ ದೇಶದಲ್ಲಿ ಇವೆರಡೂ ಸುಲಭಸಾಧ್ಯವಲ್ಲ. ಅಲ್ಲಿಯ ಕಾರ್ಮಿಕ ಶಾಸನದಂತೆ ಒಂದು ಸಂಸ್ಥೆಯ ನೌಕರರಲ್ಲಿ ಶೇಕಡ 90ಕ್ಕೆ ಕಡಮೆಯಿಲ್ಲದಷ್ಟು ಮಂದಿ ಆ ದೇಶದವರೇ ಆಗಿರಬೇಕು. ಬಾಡಿಗೆಯ ಮನೆಗಾದರೋ, ಸ್ಥಿರಾಸ್ತಿಯುಳ್ಳ ಜಾಮೀನುದಾರನನ್ನು ಮನೆಯೊಡೆಯರು ಅನೇಕ ವೇಳೆ ಕೇಳುತ್ತಾರೆ.

ಆದರೆ ಸ್ವದೇಶದಿಂದಲೇ ಡಾಲರಿನ ಸಂಬಳ ಪಡೆಯುವವನಿಗೆ ಈ ತೊಡಕುಗಳು ಹಗುರ. ಮೆಕ್ಸಿಕೋ ನಗರದ ರೋಮಾ, ಕೊಂಡೇಸಾ ಬಡಾವಣೆಗಳಲ್ಲಿ ಅವನಿಗೆ ಅಗ್ಗವೆನಿಸುವ ಬಾಡಿಗೆ, ಪೇಸೋ ಸಂಬಳದ ನಿವಾಸಿಗೆ ನಿಲುಕದು. ಬಾಡಿಗೆಯ ಏರಿಕೆಯು ಹಣದುಬ್ಬರವನ್ನು ಮೀರಬಾರದೆಂದು 2024ರಲ್ಲಿ ಆ ನಗರದಲ್ಲಿ ಶಾಸನವಾಯಿತು. ಆದರೂ 2025ರ ಜುಲೈ 4ರಂದು ಜನರು ಬೀದಿಗಿಳಿದು ಪ್ರತಿಭಟಿಸಿದರು.

"ಕೇಳಿದ ಬೆಲೆಯನ್ನು ಕೊಟ್ಟೆನು, ನನ್ನ ದೋಷವೇನು?" ಎಂದು ಅತಿಥಿಯು ಕೇಳಬಹುದು. ಮನೆಯೊಡೆಯನ ದುರಾಸೆಗೆ ಅವನು ಹೊಣೆಯಲ್ಲವೆಂಬುದು ದಿಟ. ಆದರೆ ಬೆಲೆ ತೆತ್ತ ಮಾತ್ರಕ್ಕೆ ಋಣವು ತೀರುವುದೆ?

1924ರಲ್ಲಿ ಮೆಕ್ಸಿಕೋವನ್ನು ಸೇರಿದ ನಮ್ಮ ಕ್ರಾಂತಿಕಾರಿ ಪಾಂಡುರಂಗ ಖಾನಖೋಜೆಯವರು ಚಾಪಿಂಗೋ ಕೃಷಿಶಾಲೆಯಲ್ಲಿ ಪಾಠ ಹೇಳಿದರು. ಮುಸುಕಿನ ಜೋಳದ ತಳಿಗಳನ್ನು ಸುಧಾರಿಸಲು ಶ್ರಮಿಸಿದರು. ರೈತರಿಗಾಗಿ ಕೃಷಿಶಾಲೆಗಳನ್ನು ನಡೆಸಿದರು. ಆ ನೆಲದ ಅನ್ನವನ್ನುಂಡು ಆ ನೆಲಕ್ಕೇ ದುಡಿದರು.

ಎಲ್ಲರಿಗೂ ಇದು ಸಾಧ್ಯವಾಗದಿರಬಹುದು. ಆದರೆ ಪರರ ಊರಿನಲ್ಲಿ ಮನೆ ಹಿಡಿಯುವವನು ಬಾಡಿಗೆ ಎಷ್ಟೆಂದು ಕೇಳುವಾಗ, ಇದಕ್ಕೆ ಮುಂಚೆ ಇಲ್ಲಿದ್ದವರು ಎಲ್ಲಿಗೆ ಹೋದರೆಂಬುದನ್ನೂ ಒಮ್ಮೆ ಕೇಳಬೇಕು.