ದಾರದ ಕಾಣದ ಅರ್ಧ

ಸೂಜಿ ಬಟ್ಟೆಯೊಳಗೆ ಇಳಿಯುತ್ತದೆ, ದಾರ ಕಣ್ಮರೆಯಾಗುತ್ತದೆ. ಸೂಜಿ ಮೇಲೇಳುತ್ತದೆ, ದಾರ ಮತ್ತೆ ಗೋಚರಿಸುತ್ತದೆ. ಮಕ್ಕಳಿಗೆ ಮೊತ್ತಮೊದಲು ಕಲಿಸುವ ಸಾದಾ ಟಾಕಿಯ ಸ್ವರೂಪ ಇಷ್ಟೇ. ಒಂದು ಹೆಜ್ಜೆ ಬೆಳಕಿನಲ್ಲಿ, ಒಂದು ಹೆಜ್ಜೆ ಕತ್ತಲಲ್ಲಿ. ಬಟ್ಟೆಯ ಮೇಲ್ಮೈಯಲ್ಲಿ ನಾವು ನೋಡುವುದು ದಾರ ನಡೆದ ಹಾದಿಯ ಅರ್ಧವನ್ನು ಮಾತ್ರ. ಉಳಿದ ಅರ್ಧ ಅಡಿಯಲ್ಲಿದೆ. ಅಡಿಯದನ್ನು ಕತ್ತರಿಸಿದರೆ ಮೇಲಿನದು ಸಂಜೆಯವರೆಗೂ ಬಾಳದು. ಹೊಲಿಯುವವರಿಗೆಲ್ಲ ಇದು ಗೊತ್ತು. ಗೊತ್ತಿರುವುದರಿಂದಲೇ ಇರಬೇಕು, ಯಾರೂ ಇದರ ಮಾತೆತ್ತುವುದಿಲ್ಲ.

ಮಹಾರಾಷ್ಟ್ರದ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಹಳೆಯ ಮನೆಗಳಲ್ಲಿ ಚಿಂದಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಗಂಟು ಕಟ್ಟಿ ಮೂಲೆಯಲ್ಲಿ ಇಡುತ್ತಿದ್ದರು. ಹರಿದ ಇಳಕಲ್ ಸೀರೆಯಲ್ಲಿ ಇನ್ನೂ ಗಟ್ಟಿಯಾಗಿ ಉಳಿದ ದಡಿ, ಕುಪ್ಪಸ ಹೊಲಿಸಿ ಮಿಕ್ಕ ಗುಳೇದಗುಡ್ಡದ ಖಣದ ತುಂಡು, ಅಜ್ಜನ ಧೋತರದಲ್ಲಿ ಒಗೆದೊಗೆದು ಮೆತ್ತಗಾದ ನಡುಭಾಗ. ದೊಡ್ಡ ತುಂಡುಗಳು ಕೌದಿಗೆ ಸೇರುತ್ತಿದ್ದವು. ಸಣ್ಣವು ಗೊಂಬೆಗೆ. ಅದಕ್ಕೂ ಸಣ್ಣವು ಗೊಂಬೆಯ ಹೊಟ್ಟೆಗೆ. ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ ಪಡಸಾಲೆಯಲ್ಲಿ ಆಯಿಯೂ ಮೊಮ್ಮಗಳೂ ಕೂರುತ್ತಾರೆ. “ಟಾಕಿ ಸಣ್ಣು ಹಾಕವ್ವಾ. ಬಿಗಿ ಎಳೀಬ್ಯಾಡ, ಅರಿವಿ ಮುದುಡ್ತದ” ಎನ್ನುತ್ತಾಳೆ ಆಯಿ. ಸಡಿಲ ಬಿಟ್ಟರೆ ಎರಡು ಪದರಗಳ ನಡುವೆ ಬಾಯಿ ತೆರೆಯುತ್ತದೆ. ಬಿಗಿದು ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದೆ. ಇವೆರಡರ ನಡುವಿನ ಹದ ಬಾಯಿಮಾತಿನಿಂದ ಬರುವುದಿಲ್ಲ. ಬೆರಳಿಗೆ ಬರಬೇಕು.

ಬಟ್ಟೆಗೊಂಬೆಯ ರಚನೆಯಲ್ಲಿ ಒಂದು ವಿಚಿತ್ರ ಕ್ರಮವಿದೆ. ಅದನ್ನು ಒಳಮೈ ಹೊರಗಾಗಿಸಿಯೇ ಹೊಲಿಯಬೇಕು. ಬಟ್ಟೆಯ ಎರಡು ಪದರಗಳ ಚೆಂದದ ಮುಖಗಳನ್ನು ಒಂದಕ್ಕೊಂದು ಅಭಿಮುಖವಾಗಿ ಇಟ್ಟು, ಹಿಂಬದಿಯಲ್ಲಿ ಆಕೃತಿ ಬರೆದು, ಗೆರೆಯ ಗುಂಟ ಟಾಕಿ ಹಾಕುತ್ತಾರೆ. ಎರಡು ಬೆರಳು ಹೋಗುವಷ್ಟು ಜಾಗವನ್ನು ಹೊಲಿಯದೆ ಬಿಡುತ್ತಾರೆ. ಕತ್ತು, ಕಂಕುಳುಗಳ ತಿರುವಿನಲ್ಲಿ ಅಂಚಿಗೆ ಸಣ್ಣ ಸಣ್ಣ ಕಚ್ಚು ಕೊಡುತ್ತಾರೆ. ಕೊಡದಿದ್ದರೆ ಆ ತಿರುವು ಸುಕ್ಕಾಗುತ್ತದೆ. ಅನಂತರ ಬಿಟ್ಟ ಬಾಯಿಯಿಂದ ಇಡೀ ದೇಹವನ್ನು ಹೊರಕ್ಕೆ ತಿರುವುತ್ತಾರೆ. ಆ ಒಂದು ಕ್ಷಣದಲ್ಲಿ ಇಡೀ ಮಧ್ಯಾಹ್ನದ ಶ್ರಮ ಒಳಗೆ ಸೇರಿಬಿಡುತ್ತದೆ. ಹೊರಗೆ ಉಳಿಯುವುದು ನುಣುಪಾದ ಮೈ. ಹತ್ತಿ ತುಂಬಿ ಬಾಯಿ ಮುಚ್ಚಿ, ಕಪ್ಪು ದಾರದಲ್ಲಿ ಎರಡು ಕಣ್ಣು, ಕೆಂಪು ದಾರದಲ್ಲಿ ಒಂದು ತುಟಿ. ಈ ಕಣ್ಣು ತುಟಿಗಳಿಗೆ ಹಿಡಿಯುವ ಹೊತ್ತು ಅತ್ಯಲ್ಪ. ಆದರೆ ಮಗು ಎತ್ತಿಕೊಂಡು ನೋಡುವುದು ಅವನ್ನೇ.

ಬಟ್ಟೆಗೊಂಬೆ ಇಂದಿನ ಮಾತಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರೋಮನ್ನರ ಆಳ್ವಿಕೆಯ ಕಾಲದ ಈಜಿಪ್ಟಿನ ಒಂದು ಚಿಂದಿಗೊಂಬೆ ಇದೆ. ನಾರುಬಟ್ಟೆಯ ಮೈ, ಒಳಗೆ ಚಿಂದಿ ಮತ್ತು ಪಪೈರಸ್ಸಿನ ಚೂರುಗಳು. ಸಾವಿರದೈನೂರು ವರ್ಷಗಳಿಗೂ ಹಿಂದೆ ಯಾವುದೋ ತಾಯಿಯೋ ಅಜ್ಜಿಯೋ ಮನೆಯಲ್ಲಿ ಬೇಡವಾದದ್ದನ್ನೆಲ್ಲ ಒಟ್ಟುಮಾಡಿ ಒಂದು ಮಗುವಿಗೆ ಸಂಗಾತಿಯನ್ನು ಮಾಡಿಕೊಟ್ಟಳು. ಈಗ ಅದರ ಮುಖ ಮಾಸಿಹೋಗಿದೆ. ಒಳಗೆ ತುಂಬಿದ್ದು ಇದೆ, ಕೂಡಿಸಿದ ಹೊಲಿಗೆ ಇದೆ. ಆ ಮಗು ದಿನವಿಡೀ ನೋಡುತ್ತಿದ್ದ ಭಾಗವೇ ಮೊದಲು ಅಳಿಯಿತು.

ನಮ್ಮೆಲ್ಲರ ಮನಸ್ಸು ಮೇಲಿನ ಟಾಕಿಯಾಗಲು ಹಂಬಲಿಸುತ್ತದೆ. ಮಾಡಿದ್ದು ಕಾಣಲಿ, ಕಂಡವರು ಒಂದು ಮಾತು ಆಡಲಿ. ಈ ಅಪೇಕ್ಷೆ ದೋಷವೆಂದು ಹೇಳುವಷ್ಟು ನಿರಪೇಕ್ಷರು ನಮ್ಮಲ್ಲಿ ಯಾರಿದ್ದಾರೆ? ಹೊಗಳಿಕೆ ಬೇಡವೆನ್ನುವವರೂ ಬೇಡವೆಂದದ್ದನ್ನು ಯಾರಾದರೂ ಗಮನಿಸಿದರೇ ಎಂದು ಓರೆಗಣ್ಣಿನಲ್ಲಿ ನೋಡುತ್ತಾರೆ. ಬೆಳಗ್ಗೆ ಎದ್ದು ನೀರು ತುಂಬಿದವರು, ರಾತ್ರಿ ಬಾಗಿಲ ಚಿಲಕ ಹಾಕಿದವರು, ಜಗಳದ ನಡುವೆ ಒಂದು ಮಾತನ್ನು ನುಂಗಿಕೊಂಡವರು, ಇವರೆಲ್ಲ ನಾವೇ. ಇವೆಲ್ಲ ಅಡಿಯ ಟಾಕಿಗಳು. ಇವು ಯಾರ ಲೆಕ್ಕಕ್ಕೂ ಸೇರಲಿಲ್ಲ ಎಂಬ ಕೊರಗು ಕೆಲವು ಬೆಳಗುಗಳಲ್ಲಿ ಎದೆಯ ಮೇಲೆ ಕೂರುತ್ತದೆ. ಆ ಕೊರಗೂ ಮನುಷ್ಯಸಹಜ. ದಾರಕ್ಕೆ ಮನಸ್ಸಿಲ್ಲ, ನಮಗಿದೆ. ಕಷ್ಟ ಅಲ್ಲಿಂದ ಶುರು.

ಉಲ್ಲನ್ ಹೆಣಿಕೆ ಇದೇ ಸಂಗತಿಯನ್ನು ಬೇರೊಂದು ರೀತಿಯಲ್ಲಿ ತೋರಿಸುತ್ತದೆ. ಇದು ಈ ನೆಲದ ಹಳೆಯ ವಿದ್ಯೆಯಲ್ಲ. ದಖ್ಖನಿ ಕುರಿಯ ಕಪ್ಪು ಉಣ್ಣೆ ಒರಟು; ಅದು ಕಂಬಳಿಗೆ ಒದಗುತ್ತದೆ, ಕೂಸಿನ ಟೋಪಿಗೆ ಒಗ್ಗುವುದಿಲ್ಲ. ಟೋಪಿಗೆ ಬೇಕಾದ ಬಣ್ಣದ ಉಂಡೆಗಳು ಲುಧಿಯಾನಾ ಕಡೆಯಿಂದ ಬರುತ್ತವೆ, ಉಲ್ಲನ್ ಎಂಬ ಹೆಸರು ಹೊತ್ತ ಬಹಳಷ್ಟು ಉಂಡೆಗಳಲ್ಲಿ ಉಣ್ಣೆಯೇ ಇರುವುದಿಲ್ಲ. ಇರಲಿ. ಎರಡು ಕಡ್ಡಿ, ಒಂದು ಎಳೆ, ಕುಣಿಕೆಯೊಳಗಿಂದ ಕುಣಿಕೆ. ಕಲಿಯುವವರು ಮೊದಲು ಎರಡು ಹೆಸರು ಕಲಿಯುತ್ತಾರೆ: ಸೀದಾ, ಉಲ್ಟಾ. ಎರಡೂ ಬೇರೆಬೇರೆ ಎಂದು ಕೆಲವು ಕಾಲ ನಂಬುತ್ತಾರೆ. ಕೈ ಪಳಗಿದ ಮೇಲೆ ಒಂದು ದಿನ ಹೆಣಿಕೆಯನ್ನು ಮಗುಚಿ ನೋಡಿದಾಗ ತಿಳಿಯುತ್ತದೆ, ಈ ಬದಿಯ ಸೀದಾ ಆ ಬದಿಯ ಉಲ್ಟಾ. ಕುಣಿಕೆ ಒಂದೇ. ನಾವು ಕುಳಿತ ಬದಿ ಬೇರೆ. ಇನ್ನೂ ಒಂದು ಸಂಗತಿ ಇದೆ. ಸೀದಾಗಳನ್ನೆಲ್ಲ ಒಂದೇ ಮುಖಕ್ಕೆ ತಂದು, ಉಲ್ಟಾಗಳನ್ನೆಲ್ಲ ಹಿಂದಕ್ಕೆ ಸರಿಸಿ ಹೆಣೆದ ವಸ್ತ್ರ ನೋಡಲು ನುಣುಪು. ಆದರೆ ಕಡ್ಡಿಯಿಂದ ಇಳಿಸಿದ ಕೂಡಲೇ ಅದರ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಒತ್ತಿ ಹಿಡಿದರೂ ಕೈ ಬಿಟ್ಟೊಡನೆ ಮತ್ತೆ ಸುತ್ತಿಕೊಳ್ಳುತ್ತದೆ. ಎರಡೂ ಮುಖಗಳಿಗೆ ಸೀದಾ ಉಲ್ಟಾಗಳನ್ನು ಸಮನಾಗಿ ಹಂಚಿ ಹೆಣೆದದ್ದು ಹಾಸಿದಲ್ಲಿ ಹಾಸಿದಂತೆಯೇ ಇರುತ್ತದೆ. ಅದಕ್ಕೇ ಅನುಭವಿಗಳು ಅಂಚಿನಲ್ಲಿ ಕೆಲವು ಸಾಲು ಮಿಶ್ರವಾಗಿ ಹೆಣೆಯುತ್ತಾರೆ.

ಕಲ್ಯಾಣ ಈ ಸೀಮೆಯಿಂದ ದೂರವಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದರು. ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದರು. ಅವರ ಕೆಲವು ವಚನಗಳು ನಮಗೆ ದೊರೆತಿವೆ. ಅವರು ಹೊಲಿದ ಒಂದು ಅಂಗಿಯೂ, ತೆಗೆದ ಒಂದು ಎಳೆಯೂ ದೊರೆತಿಲ್ಲ. ಆದರೆ ಅವರ ದಿನದ ಬಹುಪಾಲು ಕಳೆದದ್ದು ಸೂಜಿಯ ಜೊತೆಗೆ, ಕದಿರಿನ ಜೊತೆಗೆ. ವಚನಗಳು ಮೇಲೆ ಕಂಡ ಟಾಕಿಗಳು ಎನ್ನಬಹುದೇನೋ. ವಚನ, ಕಾಯಕ ಇವೆರಡರಲ್ಲಿ ಯಾವುದನ್ನು ಅವರು ಹೆಚ್ಚೆಂದು ಎಣಿಸಿದ್ದರು ಎಂದು ಕೇಳಲು ಈಗ ಯಾರೂ ಇಲ್ಲ; ಕಾಯಕವೇ ಅವರ ಹೆಸರಿನ ಭಾಗವಾಗಿ ಉಳಿದಿದೆ ಎಂಬುದೊಂದು ಸುಳಿವು.

ಈ ಸೀಮೆಗೂ ಒಮ್ಮೆ ಕತ್ತರಿ ಬಿತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಮೂರು ಪಾಲು ಮಾಡಿದರು. ಬೀದರ ಜಿಲ್ಲೆ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ನಕಾಶೆಯ ಮೇಲೆ ಗೆರೆ ಸ್ಪಷ್ಟವಾಗಿತ್ತು. ಆದರೆ ಬೀಗತನ ಗೆರೆಯನ್ನು ಲೆಕ್ಕಿಸಲಿಲ್ಲ. ಆಳಂದದ ಮಗಳು ಉಮರ್ಗಾಕ್ಕೆ ಸೊಸೆಯಾಗಿ ಬಂದಳು. ನಿಲಂಗಾದ ಮಗಳು ಭಾಲ್ಕಿಗೆ ಹೋದಳು. ಬಾಣಂತನ ಮುಗಿಸಿ ಅತ್ತೆಮನೆಗೆ ಹೊರಟವಳ ಜೊತೆಗೆ ತವರಿನವರು ತೊಟ್ಟಿಲು ಕಳಿಸಿದರು, ಕುಂಚಿಗೆ ಕುಲಾಯಿ ಕಳಿಸಿದರು, ತವರಿನ ಹಳೆಯ ಸೀರೆಗಳನ್ನು ಪದರಿಸಿ ಹೊಲಿದ ಸಣ್ಣ ಕೌದಿ ಕಳಿಸಿದರು. ಉಮರ್ಗಾದ ಮಗು ಶಾಲೆಯಲ್ಲಿ ಮರಾಠಿ ಕಲಿಯಿತು. ಕೌದಿಯೊಳಗೆ ಮಲಗಿಸುವಾಗ ಕೇಳಿದ್ದು ಕನ್ನಡದ ಜೋಗುಳ. ಈ ಸೀಮೆಯಲ್ಲಿ ಕನ್ನಡ ಬಹಳ ಕಾಲದಿಂದ ಅಡಿಯಲ್ಲಿ ಹಾಯುತ್ತಿರುವ ದಾರ. ಫಲಕದ ಮೇಲೆ ಕಾಣದು, ಕಚೇರಿಯಲ್ಲಿ ಕೇಳದು. ಅಡುಗೆಮನೆಯಲ್ಲಿ ಇದೆ, ಗದ್ದಲವಿಲ್ಲದೆ ಇದೆ.

ಕೌದಿಯ ಬಲ ಯಾವುದರಲ್ಲಿದೆ? ಅದರ ಒಳಗಿನ ಬಟ್ಟೆಗಳೆಲ್ಲ ಜೀರ್ಣವಾದವು. ಒಂದೊಂದಾಗಿ ಎಳೆದರೆ ಹರಿದುಹೋಗುವಂಥವು. ಮೇಲಿನ ಪದರದಿಂದ ಕೆಳಗಿನ ಪದರದವರೆಗೆ ಒಂದು ಟಾಕಿ ಹಾಯ್ದು ಹೋಗುತ್ತದೆ, ಹಾಯ್ದು ಬರುತ್ತದೆ. ಬೊಗಸೆಯಷ್ಟು ಜಾಗದಲ್ಲೂ ಹಲವು ಬಾರಿ. ಬಡ ಬಟ್ಟೆಗಳು ಆ ಹಾಯುವಿಕೆಯಿಂದಲೇ ಒಂದು ವಸ್ತುವಾಗುತ್ತವೆ.

ಇದೇ ಸೀಮೆಯ ಗೋಡೆಗಳು ನೆನಪಿಗೆ ಬರುತ್ತವೆ. ಹಳೆಯ ಮಾಳಿಗೆ ಮನೆಗಳಿಗೆ ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ. ತಲೆಯ ಮೇಲೆ ಮಣ್ಣಿನ ದಪ್ಪ ಮಾಳಿಗೆ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ನೋಡಿದರೆ ಕೋಟೆಯಂತೆ ಭದ್ರ. ಆದರೆ ಬಹಳಷ್ಟು ಗೋಡೆಗಳು ಒಂದು ಗೋಡೆಯಾಗಿರಲಿಲ್ಲ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಈ ಮುಖದಿಂದ ಆ ಮುಖದವರೆಗೆ ಅಡ್ಡಲಾಗಿ ಹಾಯುವ ಉದ್ದನೆಯ ಕಲ್ಲುಗಳನ್ನು ಇಟ್ಟಿರಲಿಲ್ಲ. ಉದ್ದನೆಯ ಕಲ್ಲು ಸಿಗುವುದು ಕಷ್ಟ, ಕೂರಿಸುವುದು ಶ್ರಮ. ಕೂರಿಸಿದ ಮೇಲೂ ಹೊರಗಿನಿಂದ ನೋಡಿದವರಿಗೆ ಅದು ಎಲ್ಲ ಕಲ್ಲಿನಂತೆ ಒಂದು ಕಲ್ಲು. 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಊರೂರಲ್ಲಿ ಗಣಪತಿಯನ್ನು ಕಳಿಸಿ ಜನ ತಡವಾಗಿ ಮಲಗಿದರು. ಮರುದಿನ ಬೆಳಗಿನ ಜಾವ ನಾಲ್ಕು ಹೊಡೆಯುವ ಮುನ್ನ ಭೂಮಿ ನಡುಗಿತು. ಕಂಪನದ ಪ್ರಮಾಣ 6.2ರ ಆಸುಪಾಸು. ಗೋಡೆಗಳ ಎರಡು ಮುಖಗಳು ಬೇರ್ಪಟ್ಟು ಒಂದು ಒಳಗೆ, ಒಂದು ಹೊರಗೆ ಕುಸಿದವು. ಔಸಾ ತಾಲ್ಲೂಕಿನ ಕಿಲ್ಲಾರಿ, ಲೋಹಾರಾ ಸೀಮೆಯ ಸಾಸ್ತೂರು, ಇನ್ನೂ ಹಲವು ಊರುಗಳು ಕಲ್ಲುಮಣ್ಣಿನ ರಾಶಿಯಾದವು. 7,000ಕ್ಕೂ ಹೆಚ್ಚು ಜನ ಸತ್ತರು. ಇದಕ್ಕಾಗಿ ಯಾರ ಮೇಲೂ ತಪ್ಪು ಹೊರಿಸುವುದು ಸಲ್ಲದು. ತಲೆಮಾರುಗಳಿಂದ ನಿಂತ ಗೋಡೆಯನ್ನು ಯಾರು ತಾನೇ ಅನುಮಾನಿಸುತ್ತಾರೆ? ನಿಂತಿದೆ ಎಂದರೆ ಗಟ್ಟಿಯಾಗಿದೆ ಎಂದೇ ನಾವು ತಿಳಿಯುತ್ತೇವೆ. ಗೋಡೆಯ ಬಗ್ಗೆ ಮಾತ್ರವಲ್ಲ, ನಂಟಿನ ಬಗ್ಗೆಯೂ, ನಮ್ಮ ಬಗ್ಗೆಯೂ. ಎರಡು ಮುಖಗಳು ಚೆನ್ನಾಗಿದ್ದರೆ ಸಾಕು ಎನಿಸುತ್ತದೆ. ನಡುವೆ ಹಾಯ್ದದ್ದು ಏನಾದರೂ ಇದೆಯೇ ಎಂದು ವಿಚಾರಿಸುವ ಪ್ರಸಂಗ ನೆಲ ಅಲುಗುವವರೆಗೆ ಬರುವುದಿಲ್ಲ.

ಅನಂತರ ನಡೆದದ್ದೂ ನೆನೆಯತಕ್ಕದ್ದು. ನೆಲಸಮವಾದ ಊರುಗಳಿಗೆ ಹೊಸ ಜಾಗದಲ್ಲಿ ಹೊಸ ಮನೆಗಳು ಬಂದವು. ಬೀಳದೆ ಉಳಿದ ಹಳೆಯ ಕಲ್ಲುಮನೆಗಳನ್ನು ಕೆಡವದೆಯೇ ಬಲಪಡಿಸುವ ಒಂದು ಉಪಾಯವನ್ನು ತಿಳಿದವರು ಹೇಳಿಕೊಟ್ಟರು. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು ಬಿಡಿಸಿ, ಈ ಬದಿಯಿಂದ ಆ ಬದಿಗೆ ಆರಪಾರು ರಂಧ್ರ ಮಾಡಿ, ಅದರೊಳಗೆ ತುದಿ ಬಾಗಿಸಿದ ಕಬ್ಬಿಣದ ಸಲಾಕೆ ಇರಿಸಿ, ಕಾಂಕ್ರೀಟ್ ತುಂಬುವುದು. ಮತ್ತೆ ಕೆಲವು ಅಡಿ ಬಿಟ್ಟು ಇನ್ನೊಂದು. ಮತ್ತೆ ಇನ್ನೊಂದು. ಗಾರೆ ಬಳಿದ ಮೇಲೆ ಅವು ಇದ್ದದ್ದೂ ತಿಳಿಯದು. ಕೌದಿ ಹೊಲಿದ ಕೈಗಳಿಗೆ ಆ ಕ್ರಮ ಹೊಸದೆನಿಸಿರಲಾರದು. ಆದರೆ ಅವರನ್ನು ಯಾರೂ ಕೇಳಿದಂತಿಲ್ಲ.

ಕಾಣದ ಅರ್ಧಕ್ಕೆ ಮನ್ನಣೆ ಕೊಡಿಸಬೇಕೆಂದು ನಾವು ಹೊರಟರೆ ಅದನ್ನು ಮೇಲಕ್ಕೆ ತರಬೇಕಾಗುತ್ತದೆ. ಮೇಲೆ ತಂದರೆ ಅದು ಕೂಡಿಸುವುದನ್ನು ಬಿಡುತ್ತದೆ. ಆದ್ದರಿಂದ ಸಮಾಧಾನ ಬೇರೆಡೆ ಇದೆ: ಮೇಲೆ ಕಾಣುವ ಟಾಕಿಯೂ ಅಡಿಯ ಟಾಕಿಯೂ ಎರಡು ದಾರಗಳಲ್ಲ. ಇಂದು ಗೋಚರಿಸಿದ್ದು ನಾಳೆ ಇಳಿಯುತ್ತದೆ, ಇಳಿದದ್ದು ಏಳುತ್ತದೆ. ಎರಡನ್ನೂ ನಡೆಸುವ ಸೂಜಿ ಒಂದೇ. ಇದನ್ನು ಬುದ್ಧಿ ಒಪ್ಪುತ್ತದೆ. ಮನಸ್ಸು ಕೆಲವು ದಿನ ಒಪ್ಪುತ್ತದೆ, ಕೆಲವು ದಿನ ಒಪ್ಪುವುದಿಲ್ಲ. ಒಪ್ಪದ ದಿನಗಳಲ್ಲೂ ನಾವು ನೀರು ತುಂಬುತ್ತೇವೆ, ಚಿಲಕ ಹಾಕುತ್ತೇವೆ.

ಮಕ್ಕಳಿಗೆ ಈ ಸಂಕಟವೇ ಇಲ್ಲ. ಗೊಂಬೆಯ ಬಾಯಿ ಮುಚ್ಚಿ ಕೊನೆಯ ಗಂಟು ಹಾಕುವಾಗ ಆಯಿ ಹೇಳುತ್ತಾಳೆ: “ಗಂಟ ಒಳಗ ಸೇರ್ಸವ್ವಾ, ಮ್ಯಾಲ ಕಾಣಬಾರ್ದು.” ಮೊಮ್ಮಗಳು ಕೆಂಪು ದಾರವನ್ನೇ ಆರಿಸಿ, ಹೊಟ್ಟೆಯ ನಟ್ಟನಡುವೆ, ಕಡಲೆಕಾಳಿನಷ್ಟು ದಪ್ಪ ಗಂಟು ಹಾಕುತ್ತಾಳೆ. “ಇರಲಿ ಆಯಿ, ಅದು ಗೊಂಬಿ ಹೊಕ್ಕಳ.”