ನಿದ್ದೆಯ ಬಾಗಿಲಿಗೆ ಕಾವಲು ಯಾರು?

ಮನೆಗೆ ಬಂದವರನ್ನು ನಾವು ಬಾಗಿಲಲ್ಲೇ ವಿಚಾರಿಸುತ್ತೇವೆ. ಗುರುತಿದ್ದರೆ ಒಳಗೆ ಕರೆಯುತ್ತೇವೆ, ಇಲ್ಲದಿದ್ದರೆ ಹೊರಗಿನಿಂದಲೇ ಸಾಗಹಾಕುತ್ತೇವೆ. ನಿದ್ದೆಯಲ್ಲಿ ಹೀಗೆ ವಿಚಾರಿಸಲು ಯಾರೂ ಎಚ್ಚರವಾಗಿರುವುದಿಲ್ಲ. ಕನಸಿನೊಳಕ್ಕೆ ಅಂಗಡಿಯವನು ಬರುತ್ತಾನೆಂಬ ಭಯ ನಮ್ಮ ಹಿರಿಯರಿಗೆ ಇರಲಿಲ್ಲವಾದ್ದರಿಂದ ಅದರ ಚಿಂತೆಯೂ ಅವರಿಗೆ ಇರಲಿಲ್ಲ.

ಕಳೆದ ದೀಪಾವಳಿಗೆ ಪುಣೆಯಿಂದ ಮುಂಬಯಿಯ ನಮ್ಮ ಮನೆಗೆ ಬಂದಿದ್ದ ಸೋದರಳಿಯ, ಮೊಬೈಲಿಗಾಗಿ ತಾನು ರೂಪಿಸುತ್ತಿರುವ ಒಂದು ಆ್ಯಪ್‌ನ ನಕ್ಷೆಯನ್ನು ತೋರಿಸಿದ. ಫೋನನ್ನು ದಿಂಬಿನ ಬಳಿ ಇಟ್ಟರಾಯಿತು. ಉಸಿರಾಟದ ಸದ್ದಿನಿಂದ ಮಂಪರು ಹತ್ತಿದ್ದನ್ನು ಅದು ಊಹಿಸುತ್ತದೆ; ಮೊದಲೇ ಆರಿಸಿಟ್ಟ ವಿಷಯವನ್ನು ಮೆಲ್ಲಗೆ ಕಿವಿಯಲ್ಲಿ ಉಸುರುತ್ತದೆ; ತುಸು ಹೊತ್ತಿಗೆ ಎಬ್ಬಿಸಿ, ಕಂಡದ್ದೇನೆಂದು ಕೇಳಿ ದಾಖಲಿಸಿಕೊಳ್ಳುತ್ತದೆ. "ಮಾವ, ಅಜ್ಜಿ ಸದಾ ಕುಂದಾಪುರ, ಕುಂದಾಪುರ ಎನ್ನುತ್ತಾರಲ್ಲ, ದಿನಾ ರಾತ್ರಿ ತೋರಿಸಬಹುದು" ಎಂದ.

ಇದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ 'ಡಾರ್ಮಿಯೊ' ಎಂಬ, ಕೈಗೆ ತೊಡುವ ಸಾಧನವೊಂದು ಇಂಥದೇ ಕೆಲಸ ಮಾಡಿದೆ. 2020ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ, ಮರದ ಬಗ್ಗೆ ಯೋಚಿಸಿರೆಂಬ ಮಾತು ಕೇಳಿ ನಿದ್ದೆಗೆ ಜಾರಿದ ಹಲವರ ಕನಸಿನಲ್ಲಿ ಮರವೇ ಬಂತು. 2021ರಲ್ಲಿ ಅಲ್ಲಿನ ಕೂರ್ಸ್ ಎಂಬ ಬಿಯರಿನ ಪ್ರಚಾರಕ್ಕಾಗಿ, ಮಲಗುವ ಮುನ್ನ ನೋಡಲು ಬೆಟ್ಟ-ಜಲಪಾತಗಳ ಚಿತ್ರ, ಮಲಗಿದ ಮೇಲೆ ಕೇಳಲು ಧ್ವನಿಮುದ್ರಿಕೆ ಹೊರಬಂದವು. ಜಾಹೀರಾತು ಕನಸಿನಲ್ಲೇ ಬೀಳಬೇಕೆಂಬುದು ಉದ್ದೇಶ. ಅದೇ ವರ್ಷ ಸುಮಾರು 40 ಮಂದಿ ನಿದ್ರಾವಿಜ್ಞಾನಿಗಳೂ ಸಂಶೋಧಕರೂ ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿ, ಕನಸು ವ್ಯಾಪಾರಿಗಳ ಆಟದ ಮೈದಾನವಾಗದಿರಲಿ ಎಂದು ಎಚ್ಚರಿಸಿದರು.

"ಒಪ್ಪಿಗೆ ಪಡೆದೇ ಮಾಡುತ್ತೇವಲ್ಲ" ಎಂಬುದು ಅಳಿಯನ ವಾದ. ಆದರೆ ಒಪ್ಪಿಗೆಯೆಂದರೆ ಒಮ್ಮೆ 'ಹೂಂ' ಎನ್ನುವುದಷ್ಟೇ ಅಲ್ಲ, ಬೇಡವೆನಿಸಿದ ಕ್ಷಣ 'ಸಾಕು' ಎನ್ನುವ ಶಕ್ತಿಯೂ ಹೌದು. ಹಗಲಿನಲ್ಲಿ ಒಪ್ಪಿದವನೊಬ್ಬ, ರಾತ್ರಿ ಅನುಭವಿಸುವವನೊಬ್ಬ. ಮಲಗಿದವನಿಗೆ 'ಸಾಕು' ಎನ್ನುವ ಬಾಯಿಲ್ಲ. ಹಾಗೆಂದು ಕನಸನ್ನು ಮುಟ್ಟಲೇಬಾರದೆಂದೂ ಅಲ್ಲ. ದುಃಸ್ವಪ್ನಗಳಿಂದ ನರಳುವವರಿಗೆ, ಆ ಕನಸಿನ ಕೊನೆಯನ್ನು ಹಗಲಿನಲ್ಲಿ ತಾವೇ ಬದಲಿಸಿ ಮತ್ತೆ ಮತ್ತೆ ಮನನಮಾಡುವಂತೆ ಹೇಳುವ ಚಿಕಿತ್ಸೆಯಿದೆ. ಅದರಿಂದ ಅನೇಕರಿಗೆ ಗುಣವೂ ಕಂಡಿದೆ. ಅಲ್ಲಿ ಬದಲಿಸುವವನು ಸ್ವತಃ ರೋಗಿ, ಅದೂ ಎಚ್ಚರವಿದ್ದಾಗ. ವ್ಯತ್ಯಾಸವೆಲ್ಲ ಇಷ್ಟರಲ್ಲೇ ಇದೆ.

ಇನ್ನೊಂದು ಮಾತು. ಚಂದ್ರಗುಪ್ತ ಮೌರ್ಯ ಹದಿನಾರು ಕನಸು ಕಂಡು, ಅವುಗಳ ಅರ್ಥವನ್ನು ಭದ್ರಬಾಹು ಮುನಿಗಳಲ್ಲಿ ಕೇಳಿದನೆಂದು ಶ್ರವಣಬೆಳಗೊಳದ ಜೈನ ಪರಂಪರೆ ಹೇಳುತ್ತದೆ. ಆ ಕನಸುಗಳು ಅವನಿಗೆ ಹಿತವಾದುವಲ್ಲ. ಬರಲಿರುವ ಕೆಟ್ಟ ಕಾಲವನ್ನು ಸೂಚಿಸಿದುವು. ಬೇಕಾದ ಕನಸನ್ನೇ ತರಿಸಿಕೊಳ್ಳುವ ಅನುಕೂಲವಿದ್ದಿದ್ದರೆ ಯಾವ ಅರಸ ಅಂಥದನ್ನು ಆರಿಸಿಕೊಳ್ಳುತ್ತಿದ್ದ? ಕೇಳಿ ತರಿಸಿಕೊಂಡ ಕನಸು ನಮಗೆ ಬೇಡವಾದ ಸತ್ಯವನ್ನು ಹೇಳಲಾರದು.

ಹೊರನಾಡಿನಲ್ಲಿರುವ ನಮಗಂತೂ ಇದು ಹತ್ತಿರದ ಪ್ರಶ್ನೆ. ಬೆಳಗ್ಗೆ ಲೋಕಲ್ ಹಿಡಿದಲ್ಲಿಂದ ಸಂಜೆಯವರೆಗೆ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬದುಕುತ್ತೇವೆ. ತೀರಿಹೋದ ತಂದೆ ಕನ್ನಡದಲ್ಲೇ ಗದರಿಸುವುದು ಕನಸಿನಲ್ಲಿ ಮಾತ್ರ. ಅಲ್ಲಿ ಮಾತಾಡುವವರನ್ನೂ ಒಂದು ಯಂತ್ರ ಆರಿಸಿ ಕಳಿಸುವುದಾದರೆ ನಮ್ಮದೆನ್ನಲು ಉಳಿಯುವುದೇನು?

ಇಷ್ಟೆಲ್ಲ ಚರ್ಚೆಯನ್ನು ಬತ್ತಿ ಹೊಸೆಯುತ್ತಾ ಕೇಳುತ್ತಿದ್ದ ನನ್ನ ತಾಯಿಗೆ ಈಗ ಎಂಬತ್ತೆರಡು. ಮೊಮ್ಮಗ, "ಅಜ್ಜಿ, ಇವತ್ತು ರಾತ್ರಿ ಅಜ್ಜನನ್ನು ಕರೆಸೋಣವೇ?" ಎಂದು ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಸೆಯಾಗಲಿಲ್ಲವೆಂದು ನಾನು ಹೇಳಲಾರೆ.

"ಬೇಡ ಮಗಾ" ಎಂದರು. "ಅಪರೂಪಕ್ಕೊಮ್ಮೆ ಅವರಾಗಿಯೇ ಬರುತ್ತಾರೆ. ನೀನು ಕರೆಸಿದರೆ, ಅವರು ಬಂದದ್ದೋ ನೀನು ತಂದದ್ದೋ ಎಂದು ನನಗೆ ಹೇಗೆ ಗೊತ್ತಾಗಬೇಕು? ಆಮೇಲೆ ಅವರಾಗಿಯೇ ಬಂದರೂ ನಂಬಿಕೆ ಬರುವುದಿಲ್ಲ."

ಅಳಿಯ ನಕ್ಷೆಯನ್ನು ಕೈಬಿಟ್ಟಿಲ್ಲ. ಬಿಡಬೇಕೆಂದು ನಾನೂ ಒತ್ತಾಯಿಸಲಿಲ್ಲ. ಪಿಸುಗುಟ್ಟುವ ಭಾಗವನ್ನು ಮಾತ್ರ ತೆಗೆದುಹಾಕಿದ್ದಾನಂತೆ. ಈಗ ಅದು ಬೆಳಗ್ಗೆ ಎದ್ದವರು ಹೇಳಿದ ಕನಸನ್ನು ಬರೆದಿಡುತ್ತದೆ, ಅದೂ ಅವರದೇ ಫೋನಿನಲ್ಲಿ. ಇದರಿಂದ ಹಣ ಹುಟ್ಟುವುದಿಲ್ಲವೆಂದು ಅವನ ಗೆಳೆಯರು ಹೇಳುತ್ತಿದ್ದಾರೆ. ಅದು ನಿಜವೂ ಇರಬಹುದು.